ಕಂಕುಳ ಹೊಲಿಗೆ

ದರ್ಜಿ ತನ್ನ ಹೆಂಡತಿಯ ಅಂಗಿಯ ಎಡಗಂಕುಳಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದ. ಒಳಕೋಣೆಯಲ್ಲಿ ಹೆಂಗಸರು ಅವಳ ಮೈ ತೊಳೆದು, ಅಂಗಿ ತೊಡಿಸಲು ಹೋಗಿ ಸೋತಿದ್ದರು. ಎಡತೋಳು ಅಷ್ಟು ಊದಿತ್ತು.

"ಕತ್ತರಿ ಹಾಕಿಬಿಡೋ. ಇನ್ನು ಯಾರು ನೋಡ್ತಾರೆ?" ಬಾಗಿಲ ಸಂದಿಯಿಂದ ಅವನ ಅಕ್ಕ ಹೇಳಿದಳು.

ಅವನು ಕತ್ತರಿ ಮುಟ್ಟಲಿಲ್ಲ. ಸಡಿಲಿಸಲು ಒಳಮಡಿಕೆಯಲ್ಲಿ ಬಟ್ಟೆಯೇ ಉಳಿದಿರಲಿಲ್ಲ. ಇದ್ದದ್ದನ್ನೆಲ್ಲ ಅವನೇ ಹಿಂದೆ ಬಿಚ್ಚಿ ಸಡಿಲಿಸಿದ್ದ. ಬೇರೆ ತುಂಡು ಕೂಡಿಸಿ, ಹೊಲಿದು ಕೊಟ್ಟ.

ಹೊರಕೋಣೆಯಲ್ಲಿ ಜನ ಸೇರಿದ್ದರು. ಸಾವಿನ ಮನೆಯಲ್ಲಿ ಎಲ್ಲರೂ ವೈದ್ಯರೇ.

"ಎಲ್ಲಾ ಈ ಹೊಲಿಗೆ ಮೆಷಿನ್ ಮಾಡಿದ್ದು ಭಾವ," ಎಂದ ಹೆಂಡತಿಯ ತಮ್ಮ. "ಬಗ್ಗಿ ಕೂತು ಕೂತು ಅಕ್ಕನ ಬೆನ್ನುಮೂಳೆಗೇ ಬಂತು."

"ಮೂಳೆ ಕ್ಯಾನ್ಸರ್ ಅಂದ್ರೆ ಹಾಗೇನೇ," ಎಂದು ಎದುರಂಗಡಿಯ ಸೈಕಲ್ ರಿಪೇರಿಯವನು ದನಿಗೂಡಿಸಿದ. "ನಂದೂ ಬಗ್ಗೋ ಕೆಲಸ. ನನ್ನ ಸೊಂಟ ಕೇಳಿದ್ರೆ ಮುಂದಿನ ಸರದಿ ನಂದೇ ಅನ್ನುತ್ತೆ."

ಒಬ್ಬಿಬ್ಬರು ನಗು ತಡೆದುಕೊಂಡರು. ಗೋಡೆಗೆ ದಿಂಬು ಕೊಟ್ಟು ನೆಟ್ಟಗೆ ಕೂತಿದ್ದ ಮಗಳು ನಗಲಿಲ್ಲ. "ನಾನು ಇನ್ನು ಮೆಷಿನ್ ಮೇಲೆ ಕೂರಲ್ಲ ಅಪ್ಪ. ಅದೊಂದು ಬಿಟ್ರೆ ನಂಗೆ ಅಮ್ಮನ ಕಾಯಿಲೆ ಬರಲ್ಲ, ಅಲ್ವಾ?"

ಕಳ್ಳನ ಮನಸ್ಸು ಹುಳ್ಳುಳ್ಳಗೆ. ದರ್ಜಿ ಎದ್ದು ನೀರು ಕುಡಿಯಲು ಹೋದ. ಬೆನ್ನುಮೂಳೆ ಎಂದು ಊರಿಗೆಲ್ಲ ಹೇಳಿದವನು ಅವನೇ.

*

ಅಂಗಡಿಯಲ್ಲಿ ಅವನದೊಂದು ನಿಯಮವಿತ್ತು: ಅಳತೆ ತೆಗೆದವನು ಬಾಯಿ ಬಿಡಬಾರದು. ಒಂದು ಭುಜ ಇಳಿದಿದ್ದರೆ ಒಳಗೆ ಹತ್ತಿ ಇಡು, ಬೆನ್ನು ಗೂನಾಗಿದ್ದರೆ ಹಿಂದೆ ಸಡಿಲ ಬಿಡು. ಮೈಯ ಕುಂದು ಮಾತ್ರ ಗಿರಾಕಿಗೆ ಹೇಳಬೇಡ. ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದದ್ದು ಇದಕ್ಕೇ.

ಒಂದು ಸಂಜೆ ಹೆಂಡತಿ ತನ್ನ ಅಂಗಿ ಹಿಡಿದು ಬಂದಳು. "ಎಡಗಡೆ ಕಂಕುಳಲ್ಲಿ ಬಿಗಿ ಆಗ್ತಿದೆ ರೀ. ಸ್ವಲ್ಪ ಬಿಡ್ತೀರಾ?"

"ಒಂದೇ ಪಕ್ಕ ದಪ್ಪ ಆಗ್ತಿದ್ದೀಯಲ್ಲೇ! ಉಂಡಿದ್ದೆಲ್ಲ ಆ ಕಡೆಗೇ ಹೋಗುತ್ತಾ?"

ಅವಳು ನಕ್ಕಳು. ಅವನು ಟೇಪು ಸುತ್ತಿದ. ಕಂಕುಳ ಕೆಳಗೆ ಬೆರಳಿಗೆ ಕೋಟಿನ ಗುಂಡಿಯಂಥ ಗಟ್ಟಿ ಗಂಟು ತಗುಲಿತು. ಬೆರಳು ನಿಂತಿತು. ಅವಳು ನಗು ಬಿಟ್ಟು ಅವನ ಮುಖವನ್ನೇ ನೋಡಿದಳು. ಕೇಳಲಿ ಎಂದು ಕಾದಳೋ, ಕೇಳದಿರಲಿ ಎಂದೋ, ಅವನು ತಿಳಿಯಲು ಹೋಗಲಿಲ್ಲ. ಟೇಪು ಸುತ್ತಿಟ್ಟು, "ಅರ್ಧ ಇಂಚು ಬಿಡ್ತೀನಿ," ಎಂದ.

ಆಮೇಲೆ ಮತ್ತೊಮ್ಮೆ ತಂದಳು, ಮಗದೊಮ್ಮೆ ತಂದಳು. ಪ್ರತಿ ಸಲವೂ ಕನ್ನಡಿಯಲ್ಲಿ ಎರಡು ಪಕ್ಕವೂ ಒಂದೇ ಸಮ ಕಾಣುವಂತೆ ಹೊಲಿದುಕೊಟ್ಟ. ಅಷ್ಟು ಒಳ್ಳೆಯ ಕೆಲಸ ಅವನು ಯಾವ ಗಿರಾಕಿಗೂ ಮಾಡಿಕೊಟ್ಟಿರಲಿಲ್ಲ.

*

ಬೆನ್ನುನೋವು ತಡೆಯಲಾರದೆ ಆಸ್ಪತ್ರೆಗೆ ಹೋದಾಗ ಎಲ್ಲ ಪರೀಕ್ಷೆಗಳೂ ಆದವು. ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡರು.

"ಸ್ತನದಲ್ಲೂ ಇದೆ, ಬೆನ್ನಲ್ಲೂ ಇದೆ ಅಂತೀರಿ. ಎರಡು ಕಾಯಿಲೆನಾ?" ಎಂದು ಅವನು ಕೇಳಿದ.

"ಎರಡಲ್ಲ, ಒಂದೇ. ಹುಟ್ಟಿದ್ದು ಸ್ತನದಲ್ಲಿ. ಅಲ್ಲಿಂದ ಕಂಕುಳಿನ ಗಂಟುಗಳಿಗೆ ಬಂದಿದೆ, ರಕ್ತದ ಜೊತೆ ಮೂಳೆಗೂ ಹೋಗಿ ಬೇರು ಬಿಟ್ಟಿದೆ. ಬೆನ್ನಲ್ಲಿ ಬೆಳೀತಿದ್ರೂ ಅದು ಸ್ತನದ ಕ್ಯಾನ್ಸರೇ." ಸ್ವಲ್ಪ ತಡೆದು ಕೇಳಿದರು: "ಕಂಕುಳಲ್ಲಿ ಗಂಟು ಕೈಗೆ ಸಿಗ್ತಿತ್ತಲ್ಲ. ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?"

ಹೆಂಡತಿ ಗಂಡನ ಕಡೆ ತಿರುಗಲಿಲ್ಲ. "ಇಲ್ಲ," ಎಂದಳು. ಅವನ ಮಾನ ಉಳಿಸಿದಳು.

ಹೊರಗೆ ಬೆಂಚಿನ ಮೇಲೆ ಕೂತು ಹೇಳಿದಳು: "ಬೆನ್ನುಮೂಳೆದು ಅಂತಲೇ ಹೇಳಿಬಿಡಿ ರೀ. ಆ ಇನ್ನೊಂದು ಜಾಗದ ಹೆಸರು ಜನರ ಬಾಯಲ್ಲಿ ಬರೋದು ಬೇಡ."

ಅವನು ತಲೆಯಾಡಿಸಿದ. ಒಳಗೊಳಗೇ ಅವನಿಗೆ ಹಾಯೆನಿಸಿತ್ತು. ಹಾಗೆ ಅನಿಸಿದ್ದಕ್ಕೇ ಈಗ, ಅವಳ ಸಾವಿನ ದಿನ, ಮುಖ ಎತ್ತಲಾಗುತ್ತಿರಲಿಲ್ಲ.

*

"ಹೊತ್ತಾಯ್ತು ಭಾವ, ಎತ್ತೋಣ," ಎಂದು ಹೆಂಡತಿಯ ತಮ್ಮ ಶವಪೆಟ್ಟಿಗೆಯ ಬಳಿ ನಿಂತ.

ಮಗಳು ಸೊಂಟದ ಮೇಲೆ ಕೈಯಿಟ್ಟು, ಬೆನ್ನು ಬಗ್ಗದಂತೆ ಜೋಪಾನವಾಗಿ ಎದ್ದಳು. ದರ್ಜಿಗೆ ಅದನ್ನು ನೋಡಲಾಗಲಿಲ್ಲ.

"ಮೆಷಿನ್ನಿಂದ ಬಂದಿದ್ದಲ್ಲ ಮಗಳೇ," ಎಂದ. "ಮೂಳೆದೂ ಅಲ್ಲ. ನಿಮ್ಮಮ್ಮನಿಗೆ ಶುರುವಾಗಿದ್ದು ಸ್ತನದಲ್ಲಿ. ಅಲ್ಲಿಂದ ಕಂಕುಳಿಗೆ, ಆಮೇಲೆ ಬೆನ್ನಿಗೆ ಹೋಯ್ತು."

ಸೈಕಲ್ ರಿಪೇರಿಯವನು ತನ್ನ ಕಾಲ್ಬೆರಳು ನೋಡತೊಡಗಿದ.

"ಇಷ್ಟು ಜನರ ಮುಂದೆ ಇದೇನ್ ಮಾತು ಭಾವ! ಅಕ್ಕನ ಮರ್ಯಾದೆ..."

"ಮರ್ಯಾದೆ ಅಂತಲೇ ಸುಮ್ಮನಿದ್ದೆ ಕಣೋ. ಗಂಟು ನನ್ನ ಕೈಗೆ ಸಿಕ್ಕಿತ್ತು. ಅಂಗಿ ಸಡಿಲ ಮಾಡಿಕೊಟ್ಟೆ." ಅವನು ಮಗಳ ಕಡೆ ತಿರುಗಿದ. "ಮಗಳೇ, ನೆಟ್ಟಗೆ ಕೂತ್ರೆ ತಪ್ಪೋದಲ್ಲ ಇದು. ಹೋಗಿ ಡಾಕ್ಟರಿಗೆ ತೋರಿಸ್ಕೋ."

"ನಂಗೂ ಯಾಕಪ್ಪ ಹೇಳ್ಲಿಲ್ಲ?"

"ನಾಚಿಕೆ ಆಯ್ತು."

ಮಗಳು ಅಷ್ಟು ಜನರ ಎದುರೇ ಎಡಗೈ ಎತ್ತಿ ತಲೆಯ ಮೇಲಿಟ್ಟುಕೊಂಡು, ಬಲಗೈಯ ಬೆರಳುಗಳನ್ನು ಕಂಕುಳಿಗೆ ಒತ್ತಿದಳು. ಒಳಕೋಣೆಯ ಬಾಗಿಲಲ್ಲಿದ್ದ ಅವನ ಅಕ್ಕ ಗೋಡೆಯತ್ತ ತಿರುಗಿಕೊಂಡಳು. ಅವಳ ಹಿಂದಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಬೆನ್ನು ಮಾಡಿದರು. ಮಗಳಂತೆಯೇ ಅವರ ಮೊಣಕೈಗಳೂ ಮೇಲೆದ್ದವು. ಪೆಟ್ಟಿಗೆ ಎತ್ತಲು ಕೈ ಹಾಕಿ ಬಗ್ಗಿದ್ದ ಗಂಡಸರು ಹಾಗೇ ಕಾದರು.