ಹಸುವಿನ ಪಾಲಿನ ತಾಮ್ರ

2024ರ ಜೂನ್ 9, ಭಾನುವಾರ, ಬೆಳಿಗ್ಗೆ 7 ಗಂಟೆ 40 ನಿಮಿಷ. ಬನಶಂಕರಿ ಎರಡನೇ ಹಂತದ ಮನೆಯಲ್ಲಿ ಸ್ಪಂದನಾ ಕಿಟಕಿಯ ಬೆಳಕಿಗೆ ಮುಖವೊಡ್ಡಿ ಕುಳಿತಿದ್ದಳು. ಅವಳ ತಂದೆ ಗೌರೀಶಂಕರ ಕನ್ನಡಕವನ್ನು ಹಣೆಗೇರಿಸಿಕೊಂಡು, ಸ್ಟೀಲ್ ಸ್ಕೇಲನ್ನು ಅವಳ ಎಡಗಣ್ಣಿನ ಪಕ್ಕಕ್ಕೆ ಹಿಡಿದಿದ್ದ. ಅಲ್ಲಿ ಬಟಾಣಿಯಷ್ಟಿದ್ದ ಬಿಳಿ ಮಚ್ಚೆ ಒಂದು ವರ್ಷದಲ್ಲಿ ಬಾದಾಮಿಯಷ್ಟಾಗಿತ್ತು.

ಎರಡು ಪಾಯಿಂಟ್ ಮೂರು ಸೆಂಟಿಮೀಟರ್. ಕಳೆದ ತಿಂಗಳು ಎರಡು ಪಾಯಿಂಟ್ ಒಂದಿತ್ತು. ಗೌರೀಶಂಕರ ಸ್ಕೇಲನ್ನು ಒರೆಸಿ ಕೆಳಗಿಟ್ಟ.

"ಎಷ್ಟು?" ಹೆಂಡತಿ ಗಿರಿಜಾದೇವಿ ಅಡುಗೆಮನೆಯಿಂದಲೇ ಕೇಳಿದಳು.

"ಎರಡು. ಕಮ್ಮಿಯಾಗ್ತಾ ಇದೆ ಕಣೇ."

"ನಾನು ಹೇಳ್ಲಿಲ್ವಾ, ಶಿವ ಕಣ್ಣು ಬಿಟ್ಟಿದಾನೆ. ನಿಶ್ಚಿತಾರ್ಥದ ಹೊತ್ತಿಗೆ ಇನ್ನೂ ಸಣ್ಣಗಾಗುತ್ತೆ."

ಸ್ಪಂದನಾ ಇಬ್ಬರನ್ನೂ ನೋಡಲಿಲ್ಲ. ಅಪ್ಪ ಅಂಗೈಯಲ್ಲಿಟ್ಟ ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗಿದಳು. ನಾಲ್ಕೈದು ದಿನದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಬಾಯಿಯಲ್ಲಿ ನಾಣ್ಯ ಇಟ್ಟುಕೊಂಡ ಹಾಗೆ ಒಂದು ರುಚಿ. ಮದುವೆಯ ಆತಂಕ ಎಂದು ಅಮ್ಮ, ಪಿತ್ತ ಎಂದು ಅಪ್ಪ.

ಹತ್ತು ನಿಮಿಷವೂ ಆಗಿರಲಿಲ್ಲ, ಬಚ್ಚಲಿನಿಂದ ವಾಂತಿಯ ಸದ್ದು ಕೇಳಿಸಿತು. ಗೌರೀಶಂಕರ ಓಡಿಹೋಗಿ ಮಗಳ ಹಣೆ ಹಿಡಿದುಕೊಂಡ. ಬಿಳಿ ಟೈಲ್ಸಿನ ಮೇಲೆ ಬಿದ್ದದ್ದು ಹಸಿರುನೀಲಿ. ಆ ಬಣ್ಣ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಗಳು ತಲೆ ಎತ್ತಿದಾಗ, ಬೆಳಕಿನಲ್ಲಿ ಮಚ್ಚೆಯನ್ನಷ್ಟೇ ನೋಡುತ್ತಿದ್ದ ಅವನು ಮೊದಲ ಸಲ ಅವಳ ಕಣ್ಣಗುಡ್ಡೆಗಳನ್ನು ನೋಡಿದ. ಅರಿಶಿನ ಕಲಸಿದ ಹಾಗಿದ್ದವು.

*

ತಲಘಟ್ಟಪುರದ ಹತ್ತಿರ ಕನಕಪುರ ರಸ್ತೆಯಲ್ಲಿ ಗೌರೀಶಂಕರನ ಅಂಗಡಿ. ಹಿಂಡಿ, ಬೂಸಾ, ದನಗಳ ಖನಿಜ ಮಿಶ್ರಣ. ಮಿಶ್ರಣವನ್ನು ಅವನೇ ಕಲಸಿ ಕೊಡುತ್ತಿದ್ದುದರಿಂದ ಒಳಕೋಣೆಯಲ್ಲಿ ಒಂದೊಂದು ಲವಣಕ್ಕೆ ಒಂದೊಂದು ಡ್ರಮ್ಮು. ಹಸಿರು ಪುಡಿಯದು ತಾಮ್ರದ ಕಾರ್ಬೋನೇಟು.

ಹಿಂದಿನ ವರ್ಷ ಗಿರಾಕಿ ಸೀತಮ್ಮನ ಕರಿ ಹಸು ಮಂಕಾಗಿತ್ತು. ಕೂದಲು ಕೆಂಚಾಗಿ, ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಬಿಳಿಚಿಕೊಂಡಿತ್ತು. ಪಶುವೈದ್ಯರು ತಾಮ್ರದ ಕೊರತೆ ಎಂದರು. ಗೌರೀಶಂಕರ ಆ ಪುಡಿ ಸೇರಿಸಿ ಮಿಶ್ರಣ ಕಲಸಿಕೊಟ್ಟ. ದೀಪಾವಳಿಯ ಹೊತ್ತಿಗೆ ಹಸುವಿನ ಕಣ್ಣಿನ ಸುತ್ತ ಕಪ್ಪು ಮರಳಿತ್ತು. ಮೈ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು. ಅದನ್ನು ಅವನು ಯಾರ ಬಾಯಿಂದಲೂ ಕೇಳಿದ್ದಲ್ಲ, ಕಣ್ಣಾರೆ ಕಂಡಿದ್ದ.

ಅದೇ ಕಣ್ಣು ಮಗಳ ಕಣ್ಣಿನ ಪಕ್ಕಕ್ಕೆ ಹೊರಳಿತು. ಚರ್ಮದ ವೈದ್ಯರು ಮುಲಾಮು ಕೊಟ್ಟು, "ನಿಧಾನ ಆಗುತ್ತೆ, ಆಗದೆಯೂ ಇರಬಹುದು" ಎಂದಿದ್ದರು. ನಿಧಾನಕ್ಕೆ ಅವರ ಮನೆಯಲ್ಲಿ ಜಾಗವಿರಲಿಲ್ಲ. ಜೆ.ಪಿ. ನಗರದ ಹುಡುಗ ಕೈಲಾಸನ ಮನೆಯವರು ಬಂದು ಹೆಣ್ಣು ನೋಡಿ ಒಪ್ಪಿದ್ದರು. ಆ ದಿನ ಗಿರಿಜಾದೇವಿಯೇ ಕೂತು ಮಗಳ ಕಣ್ಣಂಚಿಗೆ ಮೂರು ಪದರ ಕ್ರೀಮು ಮೆತ್ತಿದ್ದಳು.

ಗೌರೀಶಂಕರ ದುಡುಕುವವನಲ್ಲ. ಹಸುವಿನ ತೂಕಕ್ಕೂ ಮಗಳ ತೂಕಕ್ಕೂ ಲೆಕ್ಕ ಹಾಕಿ, ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ, ಖಾಲಿ ಕ್ಯಾಪ್ಸೂಲಿಗೆ ತುಂಬಿದ್ದ. ಮೊದಲು ಹಸುವಿಗೆ ಹಾಕುವುದರ ಎಂಟನೇ ಒಂದು ಪಾಲು. ಮಚ್ಚೆ ಕದಲಲಿಲ್ಲ. ಅರ್ಧ ಪಾಲು. ಕದಲಲಿಲ್ಲ. ನಿಶ್ಚಿತಾರ್ಥದ ದಿನ ಗೊತ್ತಾದ ಮೇಲೆ ಹಸುವಿನ ಪೂರ್ತಿ ಪಾಲು, ಬೆಳಿಗ್ಗೆ ಒಂದು, ಸಂಜೆ ಒಂದು.

*

ಆಸ್ಪತ್ರೆಯಲ್ಲಿ ಎರಡನೆಯ ದಿನಕ್ಕೆ ಸ್ಪಂದನಾಳ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಡಾಕ್ಟರ್ ತನ್ಮಯಿ ಗಂಡಹೆಂಡಿರನ್ನು ಕರೆದು ಕೇಳಿದರು: "ಹೆಪಟೈಟಿಸ್ ಟೆಸ್ಟ್ ಎಲ್ಲಾ ನೆಗೆಟಿವ್ ಬಂದಿದೆ. ನಾಟಿ ಔಷಧಿ, ಭಸ್ಮ, ಆನ್‌ಲೈನ್ ಸಪ್ಲಿಮೆಂಟು, ಏನಾದ್ರೂ ತಗೊಂಡಿದ್ರಾ?"

"ಏನೂ ಇಲ್ಲ ಮೇಡಂ," ಎಂದಳು ಗಿರಿಜಾದೇವಿ.

ಹೊರಗೆ ಬಂದ ಮೇಲೆ ಗೌರೀಶಂಕರ ಹೆಂಡತಿಯ ತೋಳು ಹಿಡಿದ. "ಹೇಳಿಬಿಡೋಣ ಗಿರಿಜಾ."

"ಹೇಳಿದ್ರೆ ಯಾಕೆ ಕೊಟ್ರಿ ಅಂತಾರೆ. ಆಮೇಲೆ?" ಅವಳು ತೋಳು ಬಿಡಿಸಿಕೊಂಡಳು. "ನಮ್ಮ ಚಿಕ್ಕಮ್ಮನ್ನ ನೆನಪು ಮಾಡ್ಕೊಳ್ಳಿ. ಕೈ ಮೇಲೆ ಒಂದು ಬಿಳಿ ಕಲೆ ಅಂತ ಜೀವಮಾನವೆಲ್ಲಾ ಪಂಕ್ತಿಯ ಕೊನೇಲಿ ಕೂರಿಸಿದ್ರು. ನಾನು ಬಡಿಸಿದ್ದೀನಿ ರೀ ಅವರಿಗೆ, ದೂರದಿಂದ. ನನ್ನ ಮಗಳಿಗೆ ಹಾಗಾಗಬಾರದು. ಡಾಕ್ಟ್ರು ಓದಿರೋರು, ಕಂಡುಹಿಡೀತಾರೆ ಬಿಡಿ."

ಅವಳ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಅದಕ್ಕೇ ಅವನು ಆ ದಿನ ಸುಮ್ಮನಾದ. ಹಾಸಿಗೆಯ ಪಕ್ಕ ಕೂತಾಗ ಸ್ಪಂದನಾ ಕಣ್ಣು ಅರೆತೆರೆದು, "ಅಪ್ಪಾಜಿ, ನಾನೇ ಹೇಳಿಬಿಡ್ಲಾ?" ಎಂದಳು.

"ಸುಸ್ತಾಗುತ್ತೆ, ಮಲಕ್ಕೋ."

"ಮುಖ ತೊಳೆಸಿದಾರೆ. ಕ್ರೀಮು ಇಲ್ಲ. ನೋಡಿ, ಈಗಲೂ ನೀವು ಅಲ್ಲೇ ನೋಡ್ತಿದೀರ." ಅವಳು ನಗಲು ನೋಡಿದಳು. "ನನ್ನ ಮುಖ ನೋಡಿ ಎಷ್ಟು ದಿನ ಆಯ್ತು ಅಪ್ಪಾಜಿ?"

ಮರುದಿನ ಮಧ್ಯಾಹ್ನ ಕೈಲಾಸ್ ಮತ್ತು ಅವನ ತಾಯಿ ಸರ್ವಮಂಗಳಮ್ಮ ಎಳನೀರು ಹಿಡಿದುಕೊಂಡು ಬಂದರು. ರಾತ್ರಿಯೇ ಸ್ಪಂದನಾಳನ್ನು ಐಸಿಯುಗೆ ಸಾಗಿಸಿ, ಒಳಗೆ ಯಾರನ್ನೂ ಬಿಡುವುದಿಲ್ಲ ಎಂದಿದ್ದರಿಂದ ಎಲ್ಲರೂ ಹೊರಗಿನ ಬೆಂಚಿನಲ್ಲಿದ್ದರು. ಆಗಲೇ ಡಾಕ್ಟರ್ ತನ್ಮಯಿ ಬಾಗಿಲು ತಳ್ಳಿಕೊಂಡು ಬಂದರು.

"ಹಿಮೋಗ್ಲೋಬಿನ್ ಮತ್ತೆ ಇಳಿದಿದೆ. ರಕ್ತದ ಕಣಗಳು ಒಡೀತಿವೆ, ಲಿವರ್ ಸೋಲ್ತಾ ಇದೆ. ಕಾರಣ ಗೊತ್ತಾಗದೆ ಹೀಗೇ ಹೋದ್ರೆ ನಾಳೆ ಲಿವರ್ ಕಸಿ ಬಗ್ಗೆ ಮಾತಾಡ್ಬೇಕಾಗುತ್ತೆ. ಅಷ್ಟು ಹೊತ್ತು ಅವಳು ತಡ್ಕೋತಾಳೆ ಅಂತ ನಾನು ಮಾತು ಕೊಡಲ್ಲ."

ಗೌರೀಶಂಕರ ಎದ್ದ. "ಮೇಡಂ, ಸ್ವಲ್ಪ ಈಚೆಗೆ ಬರ್ತೀರಾ..."

"ಯಾಕೆ ಬೀಗ್ರೇ, ನಾವೇನು ಹೊರಗಿನೋರಾ?" ಸರ್ವಮಂಗಳಮ್ಮನೂ ಎದ್ದರು. "ಏನಿದ್ರೂ ನಮ್ಮೆದುರೇ ಹೇಳಿ."

ಗಿರಿಜಾದೇವಿ ಗಂಡನ ಶರ್ಟಿನ ತುದಿ ಹಿಡಿದಿದ್ದಳು. ಅವನು ಜೇಬಿನಿಂದ ಕ್ಯಾಪ್ಸೂಲಿನ ಡಬ್ಬಿ ತೆಗೆದು ಡಾಕ್ಟರ ಕೈಯಲ್ಲಿಟ್ಟ. ಮೂರು ದಿನದಿಂದ ಅದು ಅವನ ಜೇಬಿನಲ್ಲೇ ಇತ್ತು.

"ತಾಮ್ರದ ಕಾರ್ಬೋನೇಟು. ದನಕ್ಕೆ ಹಾಕೋದು. ಒಂದರಲ್ಲಿ ಇನ್ನೂರು ಮಿಲಿಗ್ರಾಂ ಇದೆ. ದಿನಕ್ಕೆ ಎರಡು ಕೊಟ್ಟಿದೀನಿ."

ಡಾಕ್ಟರ್ ಒಂದು ಕ್ಯಾಪ್ಸೂಲು ಬಿಚ್ಚಿ ಪುಡಿಯನ್ನು ಅಂಗೈಗೆ ಸುರಿದು ನೋಡಿದರು. "ಇದರಲ್ಲಿ ಅರ್ಧಕ್ಕಿಂತ ಹೆಚ್ಚು ತಾಮ್ರವೇ ಸಾರ್. ಮನುಷ್ಯನಿಗೆ ದಿನಕ್ಕೆ ಬೇಕಾಗೋದು ಒಂದೆರಡು ಮಿಲಿಗ್ರಾಂ. ಅದೂ ಊಟದಲ್ಲೇ ಸಿಗುತ್ತೆ. ಹೊಟ್ಟೆಯ ಆಮ್ಲ ಈ ಪುಡೀನ ಕರಗಿಸಿ ಸೀದಾ ಒಳಗೆ ಬಿಡುತ್ತೆ." ನರ್ಸನ್ನು ಕೂಗಿ, ರಕ್ತದ ತಾಮ್ರದ ಪರೀಕ್ಷೆಗೂ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿಗೂ ಹೇಳಿದರು. ಆಮೇಲೆ ತಿರುಗಿ ಕೇಳಿದರು, "ಯಾಕೆ ಕೊಟ್ರಿ? ಮೊದಲೇ ಏನಾದ್ರೂ ಕಾಯಿಲೆ ಇತ್ತಾ?"

"ರಕ್ತ ಕಮ್ಮಿ ಇತ್ತು," ಎಂದಳು ಗಿರಿಜಾದೇವಿ ತಟಕ್ಕನೆ.

ಇಷ್ಟಕ್ಕೇ ನಿಲ್ಲಿಸಿದರೆ ಮಗಳೂ ಉಳಿಯಬಹುದು, ಸಂಬಂಧವೂ ಉಳಿಯಬಹುದು. ಗೌರೀಶಂಕರನಿಗೆ ಅದು ಗೊತ್ತಿತ್ತು. ಹೌದೆನ್ನಲು ಬಾಯಿ ತೆರೆದ. ಮುಖ ನೋಡಿ ಎಷ್ಟು ದಿನ ಆಯ್ತು ಎಂದಿದ್ದ ಮಗಳ ಮಾತು ನೆನಪಾಯಿತು.

"ಸುಳ್ಳು ಮೇಡಂ. ಅವಳಿಗೆ ಎಡಗಣ್ಣಿನ ಪಕ್ಕ ತೊನ್ನಿದೆ. ಒಂದು ಹಸೂಗೆ ಬಣ್ಣ ವಾಪಸ್ ಬಂದಿದ್ದು ನೋಡಿದ್ದೆ. ಇವಳಿಗೂ ಬರುತ್ತೆ ಅಂತ..." ಮುಂದಿನದು ಅಳುವಾಯಿತು.

"ಆ ಹಸೂಗೆ ತಾಮ್ರ ಇರಲಿಲ್ಲ, ನೀವು ಕೊಟ್ರಿ, ಬಂತು. ಇವಳ ವಿಷಯ ಬೇರೆ. ಬಣ್ಣ ಮಾಡೋ ಜೀವಕೋಶಗಳನ್ನೇ ದೇಹ ಕೊಲ್ತಿದೆ. ತಾಮ್ರ ಸುರಿದ್ರೆ ಅವು ಹುಟ್ಟಲ್ಲ," ಎಂದು ಡಾಕ್ಟರ್ ಒಳಗೆ ನಡೆದರು.

ಸರ್ವಮಂಗಳಮ್ಮ ಎಳನೀರಿನ ಚೀಲವನ್ನು ಬೆಂಚಿನ ಮೇಲಿಟ್ಟರು.

"ನಮ್ಮಿಂದ ಮುಚ್ಚಿಟ್ರಲ್ಲ ಬೀಗ್ರೇ."

"ಹೇಳಿದ್ರೆ ಒಪ್ತಿದ್ರಾ?" ಗಿರಿಜಾದೇವಿ ಕೇಳಿದಳು.

"ಇಲ್ಲ. ಸುಳ್ಳ್ಯಾಕೆ ಹೇಳ್ಲಿ. ನನಗೂ ಮದುವೆಗೆ ಬಂದ ಮಗಳಿದಾಳೆ. ನಾಳೆ ಅವಳನ್ನ ನೋಡೋಕೆ ಬಂದೋರು ಸೊಸೆ ಮುಖ ನೋಡಿ ಎದ್ದು ಹೋದ್ರೆ? ಹುಡುಗಿ ಬದುಕಲಿ. ದೇವರಾಣೆ, ಅದನ್ನ ಮನಸಾರೆ ಹೇಳ್ತೀನಿ."

ಕೈಲಾಸ್ ಐಸಿಯು ಬಾಗಿಲನ್ನೊಮ್ಮೆ ನೋಡಿದ. ಆಮೇಲೆ ತಾಯಿಯ ಹಿಂದೆ ಹೋದ.

ಅವರು ಲಿಫ್ಟ್ ಹತ್ತಿದ ಮೇಲೆ ಗಿರಿಜಾದೇವಿ ಗಂಡನ ಎದೆಗೆ ಗುದ್ದಿದಳು. ಆಮೇಲೆ ಅಲ್ಲೇ ಮುಖವಿಟ್ಟಳು.

*

ಸ್ಪಂದನಾ ಬದುಕಿದಳು. ಲಿವರ್ ಪೂರ್ತಿ ಮೊದಲಿನಂತಾಗುತ್ತದೋ ಇಲ್ಲವೋ ಎಂದು ಡಾಕ್ಟರ್ ಇನ್ನೂ ಹೇಳಿಲ್ಲ. ಕೈಲಾಸನ ಮನೆಯಿಂದ ಫೋನು ಬರಲಿಲ್ಲ. ಜಯನಗರದಲ್ಲಿ ತಾನು ಟೀಚರಾಗಿದ್ದ ಪ್ಲೇ ಸ್ಕೂಲಿಗೆ ಸ್ಪಂದನಾ ಕ್ರೀಮು ಹಚ್ಚದೆ ಹೋದ ಮೊದಲ ದಿನ, ಒಂದು ಮಗು ಬೆರಳಿಟ್ಟು, "ಮಿಸ್, ಬಣ್ಣ ಹತ್ಕೊಂಡಿದೆ," ಎಂದಿತಂತೆ. "ಹತ್ತಿಲ್ಲ ಪುಟ್ಟ, ಹೋಗಿದೆ," ಎಂದಳಂತೆ ಇವಳು. ಅದನ್ನು ಹೇಳಿ ನಕ್ಕಳು. ಗಿರಿಜಾದೇವಿ ಎದ್ದು ಒಳಗೆ ಹೋದಳು.

ಸೆಪ್ಟೆಂಬರಿನ ಒಂದು ಭಾನುವಾರ ಗೌರೀಶಂಕರ ಪೇಪರು ಹಿಡಿದು ಕೂತಿದ್ದ. ಜೂನ್ ತಿಂಗಳಿಂದ ಸ್ಕೇಲು ಡ್ರಾಯರಿನಲ್ಲೇ ಇತ್ತು. ಅದನ್ನು ಸ್ಪಂದನಾಳೇ ತಂದು ಅವನ ಮುಂದೆ ಹಿಡಿದಳು.

"ಅಳೀರಿ ಅಪ್ಪಾಜಿ."

"ಬೇಡಮ್ಮ."

"ಸ್ಕಿನ್ ಡಾಕ್ಟ್ರಿಗೆ ಹೇಳ್ಬೇಕು. ಎಷ್ಟಿದೆಯೋ ಅಷ್ಟೇ ಹೇಳಿ. ನೀವು ಕಮ್ಮಿ ಮಾಡಿ ಹೇಳ್ತಿದ್ದಿದ್ದು ನನಗೆ ಗೊತ್ತಿತ್ತು. ಕನ್ನಡಿ ನನ್ನ ಹತ್ರಾನೂ ಇದೆ."

ಅವಳು ಕಿಟಕಿಯ ಬೆಳಕಿಗೆ ಕೂತಳು. ಗೌರೀಶಂಕರ ಮೊದಲು ಅವಳ ಮುಖ ನೋಡಿದ. ಕೆನ್ನೆ ಇಳಿದಿತ್ತು. ಕಣ್ಣುಗಳು ಬಿಳಿಯಾಗಿ, ತಿಳಿಯಾಗಿ ಇದ್ದವು. ಅಷ್ಟು ಹೊತ್ತೂ ಅವಳು ಕಾದಳು. ಆಮೇಲೆ ಅವನು ಕನ್ನಡಕ ಹಣೆಗೇರಿಸಿ ಸ್ಕೇಲು ಹಿಡಿದ.

"ಎಷ್ಟು?" ಗಿರಿಜಾದೇವಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

"ಎರಡು ಪಾಯಿಂಟ್ ಆರು ಸೆಂಟಿಮೀಟರ್."