ಮೊದಲನೆಯ ಚೌಕದ ದನಿ

ನೆನೆಸಿದ ಅವರೆಕಾಳು ಹಿತುಕುತ್ತಿದ್ದೆ. ಬೇಳೆ ಜಾರಿ ಬಟ್ಟಲಿಗೆ ಬೀಳುತ್ತಿತ್ತು, ಸಿಪ್ಪೆ ಬೆರಳಿಗೆ ಅಂಟುತ್ತಿತ್ತು. ಬೇಸರ ಕಳೆಯಲು ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ತೆಗೆದೆ. ಮೊಮ್ಮಗಳು ದಿವ್ಯ ಮಾಡಿದ ಮಾತ್ರೆಗಳ ಆ್ಯಪ್ ತೆರೆದು, ಮೊದಲನೆಯ ಚೌಕ ಒತ್ತಿದೆ.

"ದಿನಾ ಬೆಳಗ್ಗೆ ತಿಂಡಿ ಆದ್ಮೇಲೆ ಒಂದು ನುಂಗಕ್ಕಾ," ಅಂತು ಫೋನು. ನನ್ನದೇ ದನಿ.

ಆ ಚೌಕದಲ್ಲಿದ್ದದ್ದು ಕೀಲುನೋವಿನ ಮಾತ್ರೆಯ ಚಿತ್ರ. ವಾರಕ್ಕೆ ಒಂದೇ ನುಂಗಬೇಕಾದದ್ದು. "ದಿನಾ ತಗೊಂಡ್ರೆ ಜೀವಕ್ಕೇ ಅಪಾಯ," ಎಂದು ಡಾಕ್ಟರು ನನಗೆ ಹೇಳಿದ್ದರು. ಅಕ್ಕ ಆಗ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ನನ್ನ ಅಕ್ಕ ದೊಡ್ಡವೆಂಕಟಮ್ಮ ಬೈರಕೂರಿನಲ್ಲಿ ಮಗ ಮುನಿಕೃಷ್ಣನ ಜೊತೆ ಇದ್ದಾಳೆ. ಅವಳಿಗೆ ಓದು ಬರದು. ಅವಳಿಗಾಗಿಯೇ ದಿವ್ಯ ಈ ಆ್ಯಪ್ ಮಾಡಿ ನಮ್ಮಿಬ್ಬರ ಫೋನಿಗೂ ಹಾಕಿದ್ದು. ಸಾಲಿಗೆ ಎರಡರಂತೆ ಚೌಕ, ಚೌಕಕ್ಕೊಂದು ಮಾತ್ರೆಯ ಚಿತ್ರ, ಮುಟ್ಟಿದರೆ ನನ್ನ ಮಾತು. ಹೋದ ವಾರ ಈ ಹೊಸ ಮಾತ್ರೆ ಸೇರಿಸುವಾಗ ದಿವ್ಯ ಅದನ್ನು ಕೊನೆಗೆ ಇಟ್ಟಿದ್ದಳು. ಅಕ್ಕ ಒಪ್ಪಲಿಲ್ಲ. ಸಂತೆಯಲ್ಲಿ ತರಕಾರಿ ಮಾರಿ ಬದುಕಿದವಳು.

"ಹೊಸ ಮಾಲು ಯಾವಾಗ್ಲೂ ಮುಂದ್ಗಡೆ ಇಡ್ಬೇಕು ಕಣೇ. ಹಿಂದೆ ಇಟ್ರೆ ಯಾರು ನೋಡ್ತಾರೆ?"

ದಿವ್ಯ ನಕ್ಕು ಚಿತ್ರವನ್ನು ಮುಂದಕ್ಕೆ ತಂದಳು. ಚಿತ್ರ ಬಂತು ಎಂದು ಮೂವರೂ ಖುಷಿಪಟ್ಟೆವು. ಮುಟ್ಟಿ ಕೇಳಲಿಲ್ಲ.

ಈಗ ಎಲ್ಲ ಚೌಕಗಳನ್ನೂ ಒತ್ತಿದೆ. ಒಂದೊಂದೂ ಪಕ್ಕದ ಮಾತ್ರೆಯ ಮಾತಾಡಿತು. ವಾರಕ್ಕೊಂದು ಎನ್ನುವ ಮಾತು ಕಟ್ಟಕಡೆಯ ಚೌಕದಲ್ಲಿತ್ತು.

ಅಕ್ಕನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮುನಿಕೃಷ್ಣನೂ ಎತ್ತಲಿಲ್ಲ, ಟೊಮೇಟೊ ತೋಟದಲ್ಲಿರಬೇಕು. ದಿವ್ಯ ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟಿನಲ್ಲಿದ್ದಳು. ಅಲ್ಲಿ ಫೋನನ್ನು ಲಾಕರಿನಲ್ಲಿಟ್ಟೇ ಒಳಗೆ ಹೋಗಬೇಕು. ಕಾಳನ್ನು ಹಾಗೇ ಬಿಟ್ಟು ಮುಳಬಾಗಿಲು ಬಸ್‌ಸ್ಟ್ಯಾಂಡಿಗೆ ಓಡಿದೆ.

ಬಸ್ಸು ಕಂಡಕಂಡಲ್ಲಿ ನಿಂತಿತು. ಪಕ್ಕದವಳು ಏನೋ ಕೇಳಿದಳು, ನಾನೇನು ಹೇಳಿದೆನೋ ತಿಳಿಯದು. ಕಿವಿಯಲ್ಲಿ ನನ್ನ ದನಿಯೇ ಕೂಗುತ್ತಿತ್ತು. ಬೇರೆಯವರ ದನಿಯಾಗಿದ್ದರೆ ಅಕ್ಕ ಅನುಮಾನಪಟ್ಟು ಯಾರನ್ನಾದರೂ ಕೇಳುತ್ತಿದ್ದಳು. ತಂಗಿ ಹೇಳಿದ್ದಕ್ಕೆ ಕೇಳುವುದೇನಿದೆ? ಊರು ಹತ್ತಿರವಾದಂತೆ ಅವರ ಮನೆ ಮುಂದೆ ಜನ ಸೇರಿದ್ದಾರೆಯೇ ಎಂದು ಕಿಟಕಿಯಿಂದ ಇಣುಕಿದೆ. ಇಣುಕಲೂ ಹೆದರಿಕೆಯಾಗಿ ಕಣ್ಣು ಮುಚ್ಚಿದೆ.

ಅಕ್ಕ ಜಗಲಿಯ ಮೇಲೆ ಕೂತಿದ್ದಳು.

"ಏನೇ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ? ಮುಖ ಯಾಕೆ ಹಂಗೆ ಸುಣ್ಣ ಬಳಿದಂಗೈತೆ?"

"ಅಕ್ಕಾ, ಆ ಹೊಸ ಮಾತ್ರೆ..."

"ನುಂಗ್ತಾ ಇದೀನಮ್ಮ ತಾಯಿ, ದಿನಾ ನುಂಗ್ತಾ ಇದೀನಿ. ಬೆಳಗಾದ್ರೆ ಅಪ್ಪಣೆ ಕೊಡ್ತೀಯಲ್ಲ! ಬಾಯೆಲ್ಲಾ ಹುಣ್ಣಾಗಿ ಸಾರು ತಿನ್ನಕ್ಕಾಗಲ್ಲ ನೋಡು."

ಅಲ್ಲೇ ಮೆಟ್ಟಿಲ ಮೇಲೆ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಕ್ಕ ಸೆರಗಿನಿಂದ ನನ್ನ ಕಣ್ಣು ಒರೆಸಿದಳು.

"ಊರ್ಕೋವೇ, ಸುಮ್ನಿರು, ಅಳ್ಬೇಡ. ಮುನಿಕೃಷ್ಣನ್ನ ಕರ್ಸು, ಹೋಗಾಣ."

ಎದುರುಮನೆಯವರು ತೋಟಕ್ಕೆ ಓಡಿ ಅವನನ್ನು ಕರೆತಂದರು. ಟೊಮೇಟೊ ಕ್ರೇಟುಗಳನ್ನು ದಡದಡನೆ ಇಳಿಸಿ, ಗಾಡಿಯಲ್ಲಿ ಅಕ್ಕನನ್ನು ಮುಂದೆ ಕೂರಿಸಿಕೊಂಡ. ಕೋಲಾರದ ಆಸ್ಪತ್ರೆ ತಲುಪುವ ತನಕ ನಾನು ಅವಳ ಮಣಿಕಟ್ಟು ಬಿಡಲಿಲ್ಲ.

ರಕ್ತ ಪರೀಕ್ಷೆ ಮಾಡಿ ಸೂಜಿ ಚುಚ್ಚಿದರು. "ಇನ್ನೂ ನಾಲ್ಕು ದಿನ ಬಿಟ್ಟು ಬಂದಿದ್ರೆ ಹೇಳೋಕೆ ಆಗ್ತಿರ್ಲಿಲ್ಲಮ್ಮ. ರಕ್ತಕಣಗಳ ಎಣಿಕೆ ಮೇಲೆ ಬರೋವರೆಗೂ ಇಲ್ಲೇ ಇರ್ಲಿ," ಎಂದರು ಅಲ್ಲಿಯ ಡಾಕ್ಟರು.

ಶಿಫ್ಟು ಮುಗಿಸಿ ದಿವ್ಯ ಅತ್ತುಕೊಂಡೇ ಬಂದಳು. "ಚಿತ್ರಗಳದ್ದೇ ಒಂದು ಸಾಲು, ದನಿಗಳದ್ದೇ ಒಂದು ಸಾಲು ಇಟ್ಟಿದ್ದೆ ಅಜ್ಜಿ. ಚಿತ್ರ ಮುಂದಕ್ಕೆ ತಂದೆ, ದನಿ ಕೊನೇಲೇ ಬಿಟ್ಟೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ರೆ ಒಟ್ಟಿಗೆ ಬರ್ತಿತ್ತು."

ಅಕ್ಕ ಮಂಚದಿಂದಲೇ ಅಂದಳು: "ಈಗ ಕಟ್ಟೇ. ಆದ್ರೆ ಹೊಸದು ಮುಂದೇನೇ ಇರ್ಲಿ."

ದಿವ್ಯ ಅಲ್ಲೇ ಕೂತು ಸರಿಮಾಡಿದಳು. ನಾನು ಪ್ರತಿಯೊಂದು ಚೌಕವನ್ನೂ ಮುಟ್ಟಿ ಮುಟ್ಟಿ ಕೇಳಿದೆ. ಸರಿಯಾಗಿತ್ತು. ಆದರೂ ನೆಮ್ಮದಿಯಾಗಲಿಲ್ಲ. ಮಾತ್ರೆ ಕೊಟ್ಟ ನಮ್ಮೂರ ಕ್ಲಿನಿಕ್ಕಿನಲ್ಲಿ ಮಾತ್ರೆಯ ಪಟ್ಟಿ ಕತ್ತರಿಸಿ, ಹೆಸರೂ ಇಲ್ಲದ ತುಂಡನ್ನು ಬರಿಯ ಕವರಿನಲ್ಲಿ ಹಾಕುತ್ತಾರೆ. ಫೋನೂ ಇಲ್ಲದ, ಓದೂ ಬರದ ಎಷ್ಟು ಜನ ಅಲ್ಲಿ ಸಾಲಿನಲ್ಲಿ ನಿಂತಿರುತ್ತಾರೆ! ಕವರಿನ ಮೇಲೆ ಮಾತ್ರೆಯ ಲೆಕ್ಕ ಬರೆಯಿರಿ, ಓದು ಬರದವರಿಗೆ ಸೂರ್ಯನದೋ ಚಂದ್ರನದೋ ಗುರುತು ಹಾಕಿ ಎಂದು ಆ ಕ್ಲಿನಿಕ್ಕಿನ ಡಾಕ್ಟರಿಗೆ ಕಾಗದ ಬರೆದು ಯುಗಾದಿಯಿಂದ ಪೆಟ್ಟಿಗೆಯಲ್ಲಿಟ್ಟಿದ್ದೆ. ರಾತ್ರಿ ಶಾಲೆಯಲ್ಲಿ ಕಲಿತ ನನ್ನ ಅಕ್ಷರ ನೋಡಿ ನಗುತ್ತಾರೇನೋ, ಸಿಟ್ಟಾಗಿ ಅಕ್ಕನನ್ನು ನೋಡುವುದಿಲ್ಲ ಎನ್ನುತ್ತಾರೇನೋ ಎಂಬ ಅಂಜಿಕೆ.

ಎಣಿಕೆ ಸರಿಹೋಗಿ, ಅಕ್ಕನನ್ನು ಮನೆಗೆ ಬಿಟ್ಟು ಬಂದವಳೇ ಆ ಕಾಗದ ತೆಗೆದೆ. ಕೆಳಗೆ ಒಂದು ಸಾಲು ಸೇರಿಸಿದೆ: ನನ್ನ ಅಕ್ಕ ಉಳಿದಳು, ಇನ್ನೊಬ್ಬರು ಉಳಿಯದಿರಬಹುದು. ಅಂಚೆ ಡಬ್ಬಿಯ ಮುಂದೆ ನಿಂತು ವಿಳಾಸ ಇನ್ನೊಮ್ಮೆ ಓದಿದೆ. ಹಾಕಿಬಿಟ್ಟೆ.