ಬಣ್ಣ ಹಚ್ಚದ ಮರಿ

ಔಷಧಿ ಮೊಣಕೈತನಕ ಇಳಿದೈತೆ, ತಣ್ಣಗೆ, ಕುರಿಗಳ ಹೊಟ್ಟೆಹುಳದ ಔಷಧಿ, ಮೂರೇ ಕೆಲಸ ಅಂತ ಮಲ್ಲಕ್ಕ ಬೆಳಿಗ್ಗೆ ನನ್ನ ಬೆರಳು ಒಂದೊಂದೇ ಮಡಿಚಿ ಹೇಳಿದ್ಲು, ಕುಡಿಸ್ರಿ, ಕುಡಿಸಿದ ಗುರ್ತಿಗೆ ಬೆನ್ನಿಗೆ ನೀಲಿ ಹಚ್ರಿ, ತಡಿಕೆ ಆಚೆ ಬಿಡ್ರಿ, ಇವತ್ತು ನೀವೊಬ್ರೇ ಮಾಡ್ರಿ, ನಾನು ಮುದ್ದೆ ಮಾಡ್ಕೊಂಡು ಬರ್ತೀನಿ — ನನ್ನ ಹೆಂಡ್ತಿ ಹಂಗೆ ನಂಬಿ ಬಿಟ್ಟು ಹೋಗಿದ್ದು ಇದೇ ಮೊದಲು, ಹೋದ ವರ್ಷ ಇದೇ ಕುರಿ ರೊಪ್ಪದಾಗೆ ಕುಡಿದು ನಿಂತು, ಕೊಟ್ಟಿಲ್ಲ ಕಣೇ ಅಂತ ಆಣೆ ಮಾಡಿ ಎರಡನೇ ಸಲ ಕುಡಿಸಿದ್ದೆ, ಎರಡು ಮರಿ ಸತ್ವು, ಅವಳು ಕೂಗಾಡಲಿಲ್ಲ, ಗುಂಡಿ ತೋಡಿ ಬಂದು ಕೈ ತೊಳ್ಕಂಡು, ಏಳ್ರಿ ದುರ್ಗದ ಆಸ್ಪತ್ರೆಗೆ ಹೋಗಾಣ ಅಂದ್ಲು, ಅಷ್ಟೇ. ದುರ್ಗದ ಡಾಕ್ಟ್ರು ಹೇಳಿದ್ದು ಅವಳಿಗೆ, ನನಗಲ್ಲ, ಹದಿನೆಂಟು ವರ್ಷ ಕುಡಿದಾರೆ, ನೆನಪು ಹರಿದೈತಮ್ಮ, ಹರಿದ ಕಡೆ ಮನಸ್ಸೇ ಕತೆ ಹೊಲಿತೈತೆ, ಬೇಕಂತ ಸುಳ್ಳು ಹೇಳ್ತಿಲ್ಲ ಇವರು — ಬಸ್ಸು ನಮ್ಮೂರು ಆದಿವಾಲಕ್ಕೆ ಬಂತು, ಇಳಿದವಳೇ ಇದ್ದಿಲು ತಗೊಂಡು ಅಡಿಗೆಮನೆ ಗೋಡೆ ಮೇಲೆ ಚಿತ್ರ ಬರೆದ್ಲು, ಒಲೆ, ಪಾತ್ರೆ, ನೀರು, ಅದರ ಕೆಳಗೆ ಕುರಿ, ಒಂದಾದ್ಮೇಲೆ ಒಂದು, ನಾನು ಒಲೆ ಹಚ್ಚದೇನೆ ಹಾಲು ಕಾಯ್ಲಿ ಅಂತ ಕುಂತಿರ್ತಿದ್ದೆ ನೋಡು, ಅದಕ್ಕೆ. ಅಕ್ಷರ ಬರದ ಹೆಂಗಸು, ನನ್ನ ಇಡೀ ದಿನಾನ ಗೋಡೆ ಮೇಲೆ ಜೋಡಿಸಿಬಿಟ್ಲು, ಎಂಥಾ ತಲೆ ಅವಳದು, ಒಂದು ದಿನ ಕೂಡ ಮರೆತ್ರಾ ಅಂತ ಕೇಳಿಲ್ಲ, ಮುಂದೇನ್ರಿ ಅಂತ ಕೇಳ್ತಾಳೆ.

ಕುಡಿಸು, ಹಚ್ಚು, ಬಿಡು — ಯಾರೋ ದಾರೀಲಿ ತಿಮ್ಮರಾಯಪ್ಪಾ ಅಂತ ಕೂಗಿದ್ರು, ಓ ಅಂದೆ, ತಿರುಗಿದ್ರೆ ಕೈಯಾಗೆ ಒಂದು ಮರಿ ಐತೆ, ಬೆನ್ನಿಗೆ ಬಣ್ಣ ಇಲ್ಲ. ಕುಡಿಸಿದೀನಾ. ಕುಡಿಸಿದೀನಿ, ಚೆನ್ನಾಗಿ ಕಾಣ್ತೈತೆ, ಬಾಯಿ ಅಗಲಿಸಿದೆ, ಕೆಮ್ಮಿತು, ಎರಡು ಹನಿ ಪಾದದ ಮೇಲೆ ಬಿತ್ತು, ಮೆಲ್ಲಗೆ ಕಣಲೇ ಅಂತ ಪಕ್ಕದಾಗೆ ಅಪ್ಪ ಅಂದ — ಅಪ್ಪ? ಅಪ್ಪ ತೀರಿ ಒಂಬತ್ತು ವರ್ಷ ಆತು. ಹಂಗಾದ್ರೆ ಇದು ಇವತ್ತಿಂದಲ್ಲ, ಇದು ಹೊಲಿದ ಕತೆ, ಕುಡಿಸಿಲ್ಲ ಅಂತ ಕುಡಿಸಿಬಿಟ್ರೆ, ಕುಡಿಸಿದೀನಿ ಅಂತ ಬಿಟ್ಬಿಟ್ರೆ, ಯಾವುದಾದ್ರೂ ಒಂದು ಅಂದ್ಬಿಡು ಅಂತ ನಾಲಿಗೆ ಆತುರ ಮಾಡ್ತೈತೆ, ಅದಕ್ಕೆ ಅದೇ ರೂಢಿ, ನಾನು ಬಾಟ್ಲಿ ಕೆಳಗಿಟ್ಟು ಮರೀನ ಅವುಚ್ಕೊಂಡು ಕುಂತೆ, ಬಿಸಿಲು ನೆತ್ತಿಗೆ ಬಂತು, ತಾಯಿಕುರಿ ತಡಿಕೆ ಆಚೆಯಿಂದ ಒಂದೇ ಸಮ ಅರಚ್ತೈತೆ, ನಾನು ಮರೀನ ಬಿಡಲಿಲ್ಲ.

ಮಲ್ಲಕ್ಕ ಬುತ್ತಿ ಇಳಿಸಿದ್ಲು, ಯಾಕ್ರಿ ಕುಂತ್ರಿ ಅಂದ್ಲು, ನೆನಪಿಲ್ಲ ಮಲ್ಲಿ ಅಂದೆ, ಇದಕ್ಕೆ ಕುಡಿಸಿದ್ನೋ ಇಲ್ವೋ ನನಗೆ ಗೊತ್ತಿಲ್ಲ. ಇಷ್ಟು ವರ್ಷದಾಗೆ ಅವಳ ಹತ್ರ ಈ ಮಾತು ಆಡಿರಲಿಲ್ಲ ಅಂತ ಅಂದ ಮೇಲೆ ಹೊಳೀತು. ಅವಳು ಮಿಕ್ಕ ಕುರಿಗಳ ಬೆನ್ನು ನೋಡಿದ್ಲು, ಎಲ್ಲಾ ನೀಲಿ, ಇದೊಂದು ಇವತ್ತು ಬ್ಯಾಡ ಬಿಡ್ರಿ, ಡಾಕ್ಟ್ರನ್ನ ಕೇಳಿ ಆಮೇಲೆ ಕುಡಿಸಾಣ, ಗುರ್ತಿಗೆ ಏನಾದ್ರೂ ಕಟ್ಟಬೇಕಲ್ಲ ಅಂತ ತನ್ನ ಜಡೆ ಟೇಪು ಬಿಚ್ಚಿದ್ಲು, ಮರಿ ಕೊರಳಿಗೆ ಬಗ್ಗಿ ಕಟ್ತಾಳೆ, ಬಿಚ್ಚಿದ ಕೂದಲು ಗಾಳಿಗೆ ಮುಖದ ತುಂಬಾ — ಬೆಳ್ಳಗೈತೆ, ಕಿವಿಯಿಂದ ತುದಿತನಕ ಬೆಳ್ಳಗೈತೆ, ನನ್ನ ನೆನಪಿನಾಗೆ ಇನ್ನೂ ಕಪ್ಪೈತೆ, ಇದು ಯಾವಾಗ, ಮಲ್ಲೀ ಇದು ಯಾವಾಗ ಆತು, ಬಿಳಿ ಕೂದಲು, ಗಾಳಿ, ಬಿಳಿ ಕೂದಲು —